ಮನೆಗಳಲ್ಲಿ ಕಣಜ ಮತ್ತು ಜೇನಿನ ಗೂಡುಗಳು

ಕುಟುಕುವ ಕೀಟಗಳಾದ ಕಣಜ ಮತ್ತು ಜೇನುನೊಣಗಳು ವಾಸದ ಮನೆಗಳ ಸೂರು, ಅಟ್ಟ, ಗೋಡೆಯ ಬಿರುಕು, ಕಿಟಕಿಯ ಚೌಕಟ್ಟು ಮೊದಲಾದ ಕಡೆಗಳಲ್ಲಿ ಗೂಡು ಕಟ್ಟುವುದು ದಕ್ಷಿಣ ಭಾರತದಲ್ಲಿ ಸಾಮಾನ್ಯ ಸಂಗತಿಯಾಗಿದೆ. ಇವೆಲ್ಲವೂ ಹೈಮೆನಾಪ್ಟೆರಾ ಗಣಕ್ಕೆ ಸೇರಿವೆ. ಕಣಜಕ್ಕೆ ಕಡಜ ಎಂಬ ಹೆಸರೂ ಉಂಟು. ಎಲ್ಲ ಗೂಡುಗಳೂ ಸಮಾನವಾಗಿ ಅಪಾಯಕಾರಿಯಲ್ಲ. ಕೆಲವನ್ನು ಹಾಗೆಯೇ ಬಿಡಬಹುದು, ಕೆಲವನ್ನು ಸ್ಥಳಾಂತರಿಸಬಹುದು, ಕೆಲವನ್ನು ನುರಿತವರಿಂದಲೇ ತೆಗೆಸಬೇಕಾಗುತ್ತದೆ. ಆದ್ದರಿಂದ ಗೂಡು ಯಾವ ಕೀಟದ್ದೆಂದು ದೂರದಿಂದಲೇ ಗುರುತಿಸುವುದು ಮೊದಲ ಕೆಲಸ.

ಗೂಡುಗಳ ವಿಧಗಳು

ಕುಂಬಾರ ಹುಳು: ಇದು ಒಂಟಿಯಾಗಿ ಬಾಳುವ ಕಣಜ. ಹೆಣ್ಣು ಹುಳು ಹಸಿಮಣ್ಣಿನ ಉಂಡೆಗಳನ್ನು ತಂದು ಗೋಡೆ, ಬಾಗಿಲ ಸಂದು, ಕಪಾಟಿನ ಮೂಲೆಗಳಲ್ಲಿ ಸಣ್ಣ ಕೋಶಗಳನ್ನು ಕಟ್ಟುತ್ತದೆ. ಡೆಲ್ಟಾ ಕುಲದ ಹುಳುಗಳು ಕಂಬಳಿಹುಳುವಿನಂಥ ಮರಿಹುಳುಗಳನ್ನೂ ಸ್ಕೆಲಿಫ್ರಾನ್ ಕುಲದವು ಜೇಡಗಳನ್ನೂ ಕುಟುಕಿ, ನಿಶ್ಚೇಷ್ಟಗೊಳಿಸಿ, ಮರಿಯ ಆಹಾರಕ್ಕಾಗಿ ಕೋಶದಲ್ಲಿ ತುಂಬಿಡುತ್ತವೆ. ಇವು ಗುಂಪಾಗಿ ಗೂಡನ್ನು ಕಾಯುವುದಿಲ್ಲ; ಕೈಯಲ್ಲಿ ಹಿಡಿಯದ ಹೊರತು ಮನುಷ್ಯರನ್ನು ಕುಟುಕುವುದು ಅಪರೂಪ.

ಕಾಗದದ ಗೂಡಿನ ಕಣಜ: ಮರದ ನಾರನ್ನು ಅಗಿದು ಜೊಲ್ಲಿನೊಡನೆ ಬೆರೆಸಿ, ಕಾಗದದಂಥ ತೆರೆದ ಕೋಶಗಳ ಗೂಡನ್ನು ಕಟ್ಟುತ್ತದೆ. ದಕ್ಷಿಣ ಭಾರತದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಪ್ರಭೇದವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ್ದು, ಅದನ್ನು ಕುರಿತ ಅವರ ಗ್ರಂಥವು ೨೦೦೧ರಲ್ಲಿ ಪ್ರಕಟವಾಯಿತು.

ದೊಡ್ಡ ಕಣಜ: ವೆಸ್ಪಾ ಕುಲಕ್ಕೆ ಸೇರಿದ ಇವುಗಳಲ್ಲಿ ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟಿಯುಳ್ಳ ಪ್ರಭೇದಗಳು ಸಾಮಾನ್ಯ. ವೆಸ್ಪಾ ಅಫಿನಿಸ್ ಮರದ ಕೊಂಬೆ ಅಥವಾ ಸೂರಿನಡಿ ಕಾಗದದ ಹೊದಿಕೆಯ ಗೂಡನ್ನು ಕಟ್ಟುತ್ತದೆ. ವೆಸ್ಪಾ ಟ್ರಾಪಿಕಾ ಪೊಳ್ಳುಗಳಲ್ಲಿಯೂ ನೆಲೆಸುತ್ತದೆ. ಗೂಡನ್ನು ಕೆಣಕಿದರೆ ಗುಂಪಾಗಿ ದಾಳಿ ಮಾಡುವುದರಿಂದ ಇವು ಅತ್ಯಂತ ಅಪಾಯಕಾರಿ.

ಜೇನುಗಳು: ಹೆಜ್ಜೇನು ಎತ್ತರದ ಕಟ್ಟಡಗಳ ಹೊರಚಾಚಿನಡಿ ಒಂದೇ ದೊಡ್ಡ ತೆರೆದ ಹಲ್ಲೆಯನ್ನು ಕಟ್ಟುತ್ತದೆ. ತುಡುವೆ ಜೇನು ಗೋಡೆಯ ಪೊಳ್ಳು, ಅಟ್ಟ, ಹಳೆಯ ಪೆಟ್ಟಿಗೆ ಮುಂತಾದ ಕತ್ತಲೆಯ ಜಾಗಗಳಲ್ಲಿ ಹಲವು ಸಮಾಂತರ ಹಲ್ಲೆಗಳನ್ನು ಕಟ್ಟುತ್ತದೆ. ಗೋಡೆಯ ಸಂದಿನಿಂದ ಮೇಣದ ಸಣ್ಣ ಕೊಳವೆ ಹೊರಚಾಚಿದ್ದರೆ ಅದು ಕುಟುಕದ ಮುಜಂಟಿ ಜೇನಿನ ಗೂಡು, ಅದಕ್ಕೆ ಅಂಜಬೇಕಾಗಿಲ್ಲ.

ಕುಟುಕುವಿಕೆ

ಕೊಂಡಿಯು ಮೊಟ್ಟೆಯಿಡುವ ಅಂಗದ ಮಾರ್ಪಾಡಾದ್ದರಿಂದ ಹೆಣ್ಣು ಕೀಟಗಳು ಮಾತ್ರ ಕುಟುಕಬಲ್ಲವು. ಜೇನಿನ ಕೊಂಡಿಗೆ ಹಿಮ್ಮುಖ ಮುಳ್ಳುಗಳಿರುವುದರಿಂದ ಅದು ಚರ್ಮದಲ್ಲಿಯೇ ಉಳಿದು, ವಿಷವನ್ನು ಒಳಗೆ ಸುರಿಸುತ್ತಿರುತ್ತದೆ. ಕುಟುಕಿದ ನೊಣ ಸಾಯುತ್ತದೆ. ಕಣಜವು ಪದೇ ಪದೇ ಕುಟುಕಬಲ್ಲದು. ಕುಟುಕಿದ ಜೇನು ಹೊರಸೂಸುವ ಎಚ್ಚರಿಕೆಯ ವಾಸನೆಯು ಗೂಡಿನ ಇತರ ನೊಣಗಳನ್ನೂ ದಾಳಿಗೆ ಪ್ರಚೋದಿಸುತ್ತದೆ. ಒಂದು ಕುಟುಕು ಹಲವಾಗುವುದಕ್ಕೆ ಇದೇ ಕಾರಣ.

ನಿರ್ವಹಣೆ

ಗೂಡು ಕಂಡಾಗ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿರಿಸಿ, ಕೀಟಗಳು ಬಂದುಹೋಗುವ ದ್ವಾರವನ್ನು ಗಮನಿಸಬೇಕು. ಸೂರಿನಿಂದ ಹಲ್ಲೆಯಿಲ್ಲದೆ ಜೋತುಬಿದ್ದ ಜೇನಿನ ಗುಂಪು ಬಹುವೇಳೆ ವಿಶ್ರಾಂತಿಗೆ ಇಳಿದದ್ದಾಗಿದ್ದು, ತಾನಾಗಿಯೇ ಮುಂದೆ ಹೋಗುತ್ತದೆ. ಕುಂಬಾರ ಹುಳುವಿನ ಮಣ್ಣಿನ ಕೋಶಗಳನ್ನು, ಮರಿಗಳು ತೂತು ಕೊರೆದು ಹೊರಬಿದ್ದ ಮೇಲೆ, ಕೆರೆದು ತೆಗೆಯಬಹುದು.

ತುಡುವೆ ಜೇನನ್ನು ಕೊಲ್ಲುವ ಅಗತ್ಯವಿಲ್ಲ. ಅನುಭವಿ ಜೇನು ಕೃಷಿಕರು ಹಲ್ಲೆಗಳನ್ನು ಬಿಡಿಸಿ ಚೌಕಟ್ಟಿಗೆ ಕಟ್ಟಿ, ರಾಣಿಯೊಡನೆ ಕುಟುಂಬವನ್ನೇ ಪೆಟ್ಟಿಗೆಗೆ ವರ್ಗಾಯಿಸುತ್ತಾರೆ. ಹೆಜ್ಜೇನು ಋತುವಿಗನುಗುಣವಾಗಿ ವಲಸೆ ಹೋಗುವುದರಿಂದ, ಜನರ ಓಡಾಟವಿಲ್ಲದ ಎತ್ತರದಲ್ಲಿದ್ದರೆ ಕಾಯುವುದು ಸಾಧ್ಯ. ಇದು ರಾತ್ರಿ ದೀಪದ ಬೆಳಕಿಗೆ ಆಕರ್ಷಿತವಾಗುತ್ತದೆ. ಆದ್ದರಿಂದ ಸಂಜೆಯಾದೊಡನೆ ಆ ಬದಿಯ ಕಿಟಕಿಗಳನ್ನು ಮುಚ್ಚಿ ಹೊರದೀಪಗಳನ್ನು ಆರಿಸುವುದು ಒಳಿತು. ದೊಡ್ಡ ಕಣಜದ ಗೂಡು ಬಾಗಿಲು, ಅಟ್ಟ ಅಥವಾ ಮಕ್ಕಳಾಡುವ ಜಾಗದ ಬಳಿಯಿದ್ದರೆ, ರಕ್ಷಣಾ ಉಡುಪುಳ್ಳ ಪರಿಣತರಿಂದಲೇ ತೆಗೆಸಬೇಕು.

ತಪ್ಪು ಕ್ರಮಗಳು

* ಸೀಮೆಎಣ್ಣೆಯ ಪಂಜು ಹಿಡಿಯುವುದು: ಒಣ ಕಾಗದದಂಥ ಗೂಡು ಕ್ಷಣದಲ್ಲಿ ಹೊತ್ತಿಕೊಂಡು, ಅಟ್ಟದ ಮರಮುಟ್ಟಿಗೂ ಬೆಂಕಿ ತಗಲಬಹುದು.
* ಕಲ್ಲೆಸೆಯುವುದು, ಕೋಲಿನಿಂದ ತಿವಿಯುವುದು: ದಾಳಿಗೆ ಗುರಿಯಾಗುವವರು ಎಸೆದವರು ಮಾತ್ರವಲ್ಲ, ದಾರಿಹೋಕರೂ ಹೌದು.
* ಕೀಟಗಳು ಒಳಗಿರುವಾಗಲೇ ದ್ವಾರವನ್ನು ಸಿಮೆಂಟಿನಿಂದ ಮುಚ್ಚುವುದು: ಅವು ಬೇರೆ ದಾರಿ ಹುಡುಕುತ್ತ ಕೋಣೆಯೊಳಕ್ಕೇ ಬರಬಹುದು.
* ಗೋಡೆಯೊಳಗಿನ ಜೇನನ್ನು ವಿಷವಿಕ್ಕಿ ಕೊಂದು ಹಲ್ಲೆಯನ್ನು ಅಲ್ಲಿಯೇ ಬಿಡುವುದು: ತುಪ್ಪ ಸೋರಿ ಇರುವೆಗಳು ಮುತ್ತುತ್ತವೆ. ವಿಷ ಬಿದ್ದ ಜೇನುತುಪ್ಪ ತಿನ್ನಲು ಯೋಗ್ಯವಲ್ಲ.

ಗೂಡು ಖಾಲಿಯಾದ ಮೇಲೆ ಹಲ್ಲೆಯ ಅವಶೇಷಗಳನ್ನು ಪೂರ್ತಿ ತೆಗೆದು, ಬಿರುಕುಗಳನ್ನು ಗಾರೆಯಿಂದ ಮುಚ್ಚಿ, ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಕೀಟಗಳು ಮರಳಿ ಬರುವುದನ್ನು ತಡೆಯಬಹುದು.

ಪ್ರಥಮ ಚಿಕಿತ್ಸೆ

ದಾಳಿಯಾದಾಗ ಮುಖವನ್ನು ಮುಚ್ಚಿಕೊಂಡು ಓಡಿ, ಮುಚ್ಚಿದ ಕೋಣೆ ಅಥವಾ ವಾಹನದೊಳಗೆ ಸೇರಬೇಕು. ನೀರಿಗೆ ಧುಮುಕುವುದು ಸರಿಯಲ್ಲ. ಕೀಟಗಳು ಮೇಲೆಯೇ ಕಾಯಬಹುದು. ಚರ್ಮದಲ್ಲಿ ಉಳಿದ ಕೊಂಡಿಯನ್ನು ಉಗುರಿನಿಂದಾದರೂ ಸರಿ, ತಡಮಾಡದೆ ತೆಗೆಯಬೇಕು. ಕುಟುಕಿದ ಜಾಗವನ್ನು ಸಾಬೂನಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡಬೇಕು. ಬಾವು ಏರುವ ಮೊದಲೇ ಉಂಗುರ, ಬಳೆಗಳನ್ನು ಕಳಚಬೇಕು. ಸುಣ್ಣ ಹಚ್ಚುವ ರೂಢಿಯಿದ್ದರೂ ಸುಣ್ಣವು ಚರ್ಮವನ್ನು ಸುಡಬಲ್ಲದು.

ಉಸಿರಾಟದ ತೊಂದರೆ, ತುಟಿ ಅಥವಾ ನಾಲಿಗೆಯ ಊತ, ಮೈಯೆಲ್ಲ ದದ್ದು, ತಲೆಸುತ್ತು ಕಂಡರೆ ಅದು ಪ್ರಾಣಾಪಾಯದ ಅಲರ್ಜಿ. ಇದಕ್ಕೆ ಅಡ್ರಿನಲಿನ್ ಚುಚ್ಚುಮದ್ದೇ ಮುಖ್ಯ ಚಿಕಿತ್ಸೆಯಾದ್ದರಿಂದ, ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಸಾಗಿಸಬೇಕು. ಕರ್ನಾಟಕದಲ್ಲಿ ೧೦೮ಕ್ಕೆ ಕರೆಮಾಡಿ ಆಂಬುಲೆನ್ಸ್ ಪಡೆಯಬಹುದು. ಹತ್ತಾರು ಕುಟುಕುಗಳಾದವರಿಗೆ ಅಲರ್ಜಿಯಿಲ್ಲದಿದ್ದರೂ ವಿಷದ ಪ್ರಮಾಣದಿಂದಲೇ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಮೇಲ್ನೋಟಕ್ಕೆ ಚೇತರಿಸಿಕೊಂಡಂತೆ ಕಂಡರೂ ವೈದ್ಯರ ತಪಾಸಣೆ ಅವಶ್ಯ.

ಪರಿಸರ ಮತ್ತು ಸಂಸ್ಕೃತಿ

ಜೇನುಗಳು ತೋಟದ ಬೆಳೆಗಳ ಪರಾಗಸ್ಪರ್ಶಕ್ಕೆ ನೆರವಾಗುತ್ತವೆ. ಕಣಜಗಳು ಬೆಳೆ ತಿನ್ನುವ ಹುಳುಗಳನ್ನು ಬೇಟೆಯಾಡುತ್ತವೆ. ಕುಂಬಾರ ಹುಳುವಿನ ಗೂಡು ಭಾರತೀಯ ಚಿಂತನೆಯಲ್ಲಿಯೂ ಸ್ಥಾನ ಪಡೆದಿದೆ. ಗೂಡಿನಲ್ಲಿ ಸೆರೆಯಾದ ಕೀಟವು ಭ್ರಮರವನ್ನೇ ಧ್ಯಾನಿಸಿ ತಾನೂ ಭ್ರಮರವಾಗುತ್ತದೆಂಬ ನಂಬಿಕೆಯು ಭ್ರಮರ-ಕೀಟ ನ್ಯಾಯವೆಂದು ಪ್ರಸಿದ್ಧವಾಗಿದೆ. ವಾಸ್ತವದಲ್ಲಿ ಸೆರೆಯಾದ ಹುಳು ರೂಪಾಂತರ ಹೊಂದುವುದಿಲ್ಲ. ತಾಯಿ ಹುಳು ಅದೇ ಕೋಶದಲ್ಲಿಟ್ಟ ಮೊಟ್ಟೆಯೊಡೆದು ಬಂದ ಮರಿಯು ಆ ಹುಳುವನ್ನು ತಿಂದು ಬೆಳೆದು, ರೆಕ್ಕೆ ಬಲಿತ ಮೇಲೆ ಹೊರಬರುತ್ತದೆ.