ಅಕ್ಷರ ಸರಿ, ಓದಿನ ಗತಿ ತಪ್ಪು: ಮಕ್ಕಳ ಮೆಡುಲ್ಲೋಬ್ಲಾಸ್ಟೋಮಾದಲ್ಲಿ ಪ್ರೋಟೀನ್ ಮಡಿಕೆ

ಪ್ರೋಟೀನ್ ಸರಿಯಾಗಿ ಮಡಿಸಿಕೊಳ್ಳಲಿಲ್ಲವೆಂದರೆ ಅದರ ಅಮೈನೋ ಆಮ್ಲಗಳ ಸಾಲಿನಲ್ಲೇ ಏನೋ ತಪ್ಪಿದೆ ಎಂದು ಊಹಿಸುವುದು ವಾಡಿಕೆ. ಎಷ್ಟೋ ವೇಳೆ ಅದು ನಿಜ. ದಕ್ಷಿಣ ಬ್ರೆಜಿಲ್‌ನ ಕೆಲವು ಕುಟುಂಬಗಳಲ್ಲಿ ಹರಿದುಬಂದ ಉತ್ಪರಿವರ್ತನೆಯೊಂದರಲ್ಲಿ ಪಿ53 ಪ್ರೋಟೀನ್‌ನ 337ನೆಯ ಸ್ಥಾನದ ಆರ್ಜಿನೀನ್ ಹೋಗಿ ಹಿಸ್ಟಿಡೀನ್ ಬರುತ್ತದೆ. ನಾಲ್ಕು ಅಣುಗಳನ್ನು ಕೂಡಿಸಿ ಹಿಡಿಯುವ ಭಾಗ ಅದರಿಂದ ಸಡಿಲಗೊಳ್ಳುತ್ತದೆ. ಆ ಮನೆಗಳ ಮಕ್ಕಳಲ್ಲಿ ಅಡ್ರಿನಲ್ ಗಡ್ಡೆಯಲ್ಲದೆ ಮೆದುಳಿನ ಕೋರಾಯ್ಡ್ ಪ್ಲೆಕ್ಸಸ್ ಕ್ಯಾನ್ಸರ್ ಕೂಡ ಕಂಡುಬಂದಿದೆ. ಇಲ್ಲಿ ಚರ್ಚಿಸುವುದು ಇದಕ್ಕಿಂತ ಬೇರೆಯಾದ ದಾರಿ: ಒಂದಕ್ಷರವೂ ತಪ್ಪದ ಪ್ರೋಟೀನ್‌ಗಳು ಓದುವ ಗತಿ ಕೆಟ್ಟದ್ದರಿಂದಲೇ ಹದ ತಪ್ಪುವ ಬಗೆ.

ಮೆಡುಲ್ಲೋಬ್ಲಾಸ್ಟೋಮಾ ಕಿರುಮೆದುಳಿನ ಗಡ್ಡೆ. ಅದರ ಸೋನಿಕ್ ಹೆಜ್‌ಹಾಗ್ ಗುಂಪು ಅಲ್ಲಿನ ಗ್ರಾನ್ಯೂಲ್ ನರಕೋಶಗಳ ಪೂರ್ವಜ ಕೋಶಗಳಿಂದ ಹುಟ್ಟುತ್ತದೆ. ಈ ಗುಂಪಿನ ಗಡ್ಡೆಯಿದ್ದ ಮಕ್ಕಳಲ್ಲಿ ಶೇ. 14ರಷ್ಟು ಮಂದಿ ಇಎಲ್‌ಪಿ1 ಜೀನ್‌ನ ಒಂದು ಪ್ರತಿ ಕೆಟ್ಟೇ ಹುಟ್ಟಿದವರೆಂದು 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿಯವರೆಗೆ ಈ ಜೀನ್ ಮಕ್ಕಳ ಕ್ಯಾನ್ಸರ್‌ನ ಪಟ್ಟಿಯಲ್ಲೇ ಇರಲಿಲ್ಲ.

ಇಎಲ್‌ಪಿ1 ಇರುವುದು ಎಲಾಂಗೇಟರ್ ಎಂಬ ಸಂಕೀರ್ಣದಲ್ಲಿ. ಆರು ಬಗೆಯ ಪ್ರೋಟೀನ್‌ಗಳು ಎರಡೆರಡಾಗಿ ಸೇರಿ ಆದ ಈ ಸಂಕೀರ್ಣಕ್ಕೆ ಇಎಲ್‌ಪಿ1 ಚೌಕಟ್ಟು. 1999ರಲ್ಲಿ ಯೀಸ್ಟ್‌ನಲ್ಲಿ ಆರ್‌ಎನ್‌ಎ ಪಾಲಿಮರೇಸ್‌ಗೆ ಅಂಟಿಕೊಂಡಂತೆ ಸಿಕ್ಕಿದ್ದರಿಂದ ಇದಕ್ಕೆ ಈ ಹೆಸರು ಬಂತು. ಹೆಸರು ಒಂದು, ಕಸುಬು ಇನ್ನೊಂದು! ಅದರ ಮುಖ್ಯ ಕೆಲಸ ನಡೆಯುವುದು ಟಿಆರ್‌ಎನ್‌ಎಯ 34ನೆಯ ಅಕ್ಷರದಲ್ಲಿ. ಕೆಲವು ಟಿಆರ್‌ಎನ್‌ಎಗಳಲ್ಲಿ ಅಲ್ಲಿರುವ ಯೂರಿಡೀನ್‌ಗೆ ಎಲಾಂಗೇಟರ್ ಒಂದು ಸಣ್ಣ ರಾಸಾಯನಿಕ ಬಾಲ ಹಚ್ಚುತ್ತದೆ. ಆ ಬಾಲವಿಲ್ಲದಿದ್ದರೆ ಎಎಎ, ಸಿಎಎ, ಜಿಎಎಗಳಂಥ ಸಂಕೇತಗಳನ್ನು ಓದಿಸುವ ಟಿಆರ್‌ಎನ್‌ಎ ಅಳ್ಳಕವಾಗಿ ಕೂರುತ್ತದೆ, ರೈಬೋಸೋಮ್ ತಡವರಿಸುತ್ತದೆ. ಪ್ರೋಟೀನ್ ಪೂರ್ತಿ ಹೊರಬಂದ ಮೇಲೆ ಮಡಿಸಿಕೊಳ್ಳಲು ತೊಡಗುವಂಥದ್ದಲ್ಲ. ಎಷ್ಟೋ ಪ್ರೋಟೀನ್‌ಗಳು ಹೊರಬರುತ್ತಿರುವಾಗಲೇ ಆಕಾರ ತಳೆಯುತ್ತವೆ. ಪದವೊಂದೂ ತಪ್ಪದಿದ್ದರೂ ಗಮಕಿ ನಿಲ್ಲಬಾರದ ಕಡೆ ನಿಂತರೆ ಪದ್ಯದ ಅರ್ಥ ಕೆಡುವುದಿಲ್ಲವೆ? ಇದೂ ಹಾಗೆಯೇ.

ಇದಕ್ಕೆ ನನಗೆ ಅತ್ಯಂತ ಒಪ್ಪಿಗೆಯಾದ ಸಾಕ್ಷ್ಯ ಗಡ್ಡೆಯದ್ದಲ್ಲ, ಯೀಸ್ಟ್‌ನದು. ನೆಡ್ಯಾಲ್ಕೋವಾ ಮತ್ತು ಲೈಡೆಲ್ 2015ರಲ್ಲಿ ಈ ಬಾಲ ಕಳೆದುಕೊಂಡ ಯೀಸ್ಟ್ ಕೋಶಗಳಲ್ಲಿ ರೈಬೋಸೋಮ್ ಎಎಎ, ಸಿಎಎಗಳ ಬಳಿ ನಿಧಾನವಾಗುವುದನ್ನೂ ಪ್ರೋಟೀನ್‌ಗಳು ಗಂಟುಗಟ್ಟುವುದನ್ನೂ ದಾಖಲಿಸಿದರು. ಅದೇ ಬಾಲವಿಲ್ಲದ ಟಿಆರ್‌ಎನ್‌ಎಯನ್ನು ಹೇರಳವಾಗಿ ಒದಗಿಸಿದಾಗ ಗಂಟು ಕಡಿಮೆಯಾಯಿತು. ಪ್ರೋಟೀನ್‌ಗಳ ಸಾಲಿನಲ್ಲಿ ಒಂದಕ್ಷರವನ್ನೂ ತಿದ್ದಿರಲಿಲ್ಲ.

ಇಎಲ್‌ಪಿ1 ಇಲ್ಲದ ಗಡ್ಡೆಗಳಲ್ಲಿಯೂ ಇದರ ಗುರುತುಗಳಿವೆ: ಕುಸಿದ ಎಲಾಂಗೇಟರ್, ಬಾಲ ಕಳೆದ ಟಿಆರ್‌ಎನ್‌ಎ, ಜೊತೆಗೆ ಮಡಿಸಿಕೊಳ್ಳದ ಪ್ರೋಟೀನ್ ಜಮೆಯಾದಾಗ ಕೋಶ ಹೂಡುವ ಪ್ರತಿಕ್ರಿಯೆ. ಈ ಪ್ರತಿಕ್ರಿಯೆಯಲ್ಲಿ ಹೊಸ ಪ್ರೋಟೀನ್‌ಗಳ ತಯಾರಿ ತಗ್ಗುತ್ತದೆ, ಮಡಿಸಲು ನೆರವಾಗುವ ಚಾಪೆರೋನ್‌ಗಳು ಹೆಚ್ಚುತ್ತವೆ. ಒತ್ತಡ ಇಳಿಯದೇ ಹೋದರೆ ಕೋಶ ಸಾಯಬೇಕು. ಗಡ್ಡೆಯ ಕೋಶ ಸಾಯುವುದಿಲ್ಲ. ಆದ್ದರಿಂದ ಮಡಿಕೆದೋಷವೇ ಗಡ್ಡೆಯ ಕಾರಣವೆಂದು ಬರೆಯುವುದು ಅವಸರವಾದೀತು.

ಹೀಗೆ ಹಿಂಜರಿಯಲು ವರ್ಣತಂತುವೂ ಕಾರಣ. ಇಎಲ್‌ಪಿ1 ಮತ್ತು ಹೆಜ್‌ಹಾಗ್ ಸಂಕೇತಕ್ಕೆ ಕಡಿವಾಣ ಹಾಕುವ ಪಿಟಿಸಿಎಚ್1, ಎರಡೂ 9ನೆಯ ವರ್ಣತಂತುವಿನ ಉದ್ದ ತೋಳಿನಲ್ಲಿವೆ. ಕೋಶವೊಂದರಲ್ಲಿ ಆ ತೋಳು ಕಳೆದುಹೋದರೆ ಇಎಲ್‌ಪಿ1ರ ಉಳಿದೊಂದು ಒಳ್ಳೆಯ ಪ್ರತಿಯೂ ಪಿಟಿಸಿಎಚ್1ರ ಒಂದು ಪ್ರತಿಯೂ ಒಟ್ಟಿಗೇ ಹೋಗುತ್ತವೆ. ಪಿಟಿಸಿಎಚ್1ರ ಇನ್ನೊಂದು ಪ್ರತಿಗೆ ಉತ್ಪರಿವರ್ತನೆ ತಗುಲಿದರೆ ಕಡಿವಾಣವೂ ಇಲ್ಲ. ಹಿಂಜರಿಕೆಗೆ ಇನ್ನೊಂದು ಕಾರಣವೂ ಇದೆ. ಅಶ್ಕೆನಾಜಿ ಯಹೂದ್ಯರಲ್ಲಿ ಕಾಣುವ ಫ್ಯಾಮಿಲಿಯಲ್ ಡಿಸಾಟೋನೋಮಿಯಾ ಎಂಬ ಕಾಯಿಲೆಯ ಮೂಲವೂ ಇಎಲ್‌ಪಿ1 ಜೀನೇ. ಅಲ್ಲಿ ಎರಡೂ ಪ್ರತಿಗಳಲ್ಲಿ ದೋಷವಿದ್ದು, ನರಕೋಶಗಳಲ್ಲಿ ಈ ಪ್ರೋಟೀನ್ ವಿಪರೀತ ಕಡಿಮೆ. ಆದರೂ ಆ ಮಕ್ಕಳನ್ನು ಮುಖ್ಯವಾಗಿ ಕಾಡುವುದು ನರಗಳ ಸವೆತ, ಗಡ್ಡೆಯಲ್ಲ.