ಥೆಸಲೊನಿಕಿ: ಬಂದವರ ರುಚಿ, ಹೋದವರ ನೆನಪು

1917ರ ಆಗಸ್ಟ್ 18, ಶನಿವಾರ. ಗ್ರೀಸ್ ದೇಶದ ಉತ್ತರ ಭಾಗದಲ್ಲಿರುವ ಬಂದರು ನಗರ ಥೆಸಲೊನಿಕಿ. ನಿರಾಶ್ರಿತರು ವಾಸವಾಗಿದ್ದ ಒಂದು ಬಡ ಮನೆಯ ಅಡುಗೆ ಒಲೆಯಿಂದ ಸಿಡಿದ ಕಿಡಿ ಕೆಳಗಿದ್ದ ಹುಲ್ಲಿನ ರಾಶಿಯ ಮೇಲೆ ಬಿತ್ತು. ಊರಿನಲ್ಲಿ ನೀರಿಗೆ ಅಭಾವ. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸುತ್ತಮುತ್ತ ಮಿತ್ರರಾಷ್ಟ್ರಗಳ ಸೈನ್ಯದ ಬಿಡಾರ. ಉತ್ತರದ ಕಣಿವೆಯಿಂದ ಬೀಸುವ ವರ್ದಾರಿಸ್ ಗಾಳಿ ಬೇರೆ ಜೋರಾಗಿತ್ತು. ಬೆಂಕಿ ಆರುವ ಹೊತ್ತಿಗೆ ಸುಮಾರು 9,500 ಮನೆಗಳು ಬೂದಿಯಾಗಿದ್ದವು. 70 ಸಾವಿರಕ್ಕೂ ಹೆಚ್ಚು ಜನ ಬೀದಿಪಾಲಾಗಿದ್ದರು.

ಇಂದು ಥೆಸಲೊನಿಕಿಗೆ ಬಂದಿಳಿಯುವ ಪ್ರವಾಸಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: 'ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತದೆ?' ಕೇಳುವುದು ಸಹಜವೇ. 2021ರಲ್ಲಿ ಯುನೆಸ್ಕೊ ಸಂಸ್ಥೆ ತನ್ನ 'ಆಹಾರ ಸಂಸ್ಕೃತಿಯ ನಗರ'ಗಳ ಪಟ್ಟಿಗೆ ಸೇರಿಸಿದ ಊರು ಇದು. ಗ್ರೀಸ್‌ನಲ್ಲಿ ಈ ಗೌರವ ಮೊದಲು ದೊರೆತದ್ದು ಇದಕ್ಕೇ. ಆದರೆ ಆ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಹೋಟೆಲುಗಳ ಪಟ್ಟಿಗಿಂತ ಹೆಚ್ಚಿನದು ಕಾಣುತ್ತದೆ. ಈ ಊರಿಗೆ ಯಾರು ಬಂದರು, ಯಾರು ಹೋದರು, ಯಾರನ್ನು ಒಯ್ಯಲಾಯಿತು ಎಂಬ ಲೆಕ್ಕ ಇಲ್ಲಿನ ತಟ್ಟೆಗಳಲ್ಲಿದೆ.

ಮೂರು ಜನಾಂಗಗಳ ಊರು

ಕ್ರಿ.ಪೂ. 315ರ ಸುಮಾರಿಗೆ ಮ್ಯಾಸಿಡೋನಿಯದ ದೊರೆ ಕಸ್ಸಾಂಡರ್ ಈ ನಗರವನ್ನು ಕಟ್ಟಿಸಿ ತನ್ನ ಹೆಂಡತಿಯ ಹೆಸರನ್ನಿಟ್ಟ. ಆಕೆ ಅಲೆಕ್ಸಾಂಡರನ ಮಲತಂಗಿ. ರೋಮನ್ನರ ಕಾಲ, ಬೈಜಾಂಟಿಯನ್ನರ ಕಾಲ ಕಳೆದು 1430ರಲ್ಲಿ ಊರು ಒಟ್ಟೊಮನ್ ತುರ್ಕರ ಕೈಸೇರಿತು. 1492ರಲ್ಲಿ ಸ್ಪೇನ್ ತನ್ನ ಯೆಹೂದ್ಯರನ್ನು ದೇಶದಿಂದ ಹೊರಹಾಕಿದಾಗ ಸುಲ್ತಾನ ಎರಡನೇ ಬಯಾಜಿದ್ ಅವರಿಗೆ ತನ್ನ ರಾಜ್ಯದಲ್ಲಿ ಆಶ್ರಯ ಕೊಟ್ಟ. ಹೀಗೆ ಬಂದವರು ಥೆಸಲೊನಿಕಿಯಲ್ಲಿ ಎಷ್ಟು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದರೆಂದರೆ, 16ನೇ ಶತಮಾನದ ಆರಂಭದಲ್ಲೇ ಊರಿನ ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಯೆಹೂದ್ಯರಾಗಿದ್ದರು. ನಾಲ್ಕು ಶತಮಾನ ಕಳೆದರೂ ಅವರ ಮನೆಮಾತು ಹಳೆಯ ಸ್ಪ್ಯಾನಿಶ್‌ನಿಂದ ಬೆಳೆದ ಲಾದಿನೊ ಆಗಿಯೇ ಉಳಿಯಿತು. ಬಂದರಿನ ಹಮಾಲರಲ್ಲಿ ಹೆಚ್ಚಿನವರು ಅವರೇ ಆಗಿದ್ದುದರಿಂದ ಶನಿವಾರ, ಅಂದರೆ ಅವರ ಸಬ್ಬತ್ ದಿನ, ಬಂದರಿನ ಕೆಲಸವೇ ನಿಲ್ಲುತ್ತಿತ್ತು.

1912ರಲ್ಲಿ ಗ್ರೀಕ್ ಸೈನ್ಯ ಊರನ್ನು ಗೆದ್ದುಕೊಂಡಿತು. ಮರುವರ್ಷದ ಜನಗಣತಿಯಂತೆ ಒಟ್ಟು 1,57,889 ಜನರಲ್ಲಿ ಯೆಹೂದ್ಯರು 61,439, ಮುಸ್ಲಿಮರು 45,867, ಗ್ರೀಕರು 39,956. ಇಂದು ಗ್ರೀಸ್‌ನ ಎರಡನೆಯ ದೊಡ್ಡ ನಗರವಾಗಿರುವ ಇಲ್ಲಿ ಆಗ ಗ್ರೀಕರು ಮೂರನೆಯ ಸ್ಥಾನದಲ್ಲಿದ್ದರು. ಮುಂದಿನ 30 ವರ್ಷಗಳಲ್ಲಿ ಈ ಲೆಕ್ಕ ಸಂಪೂರ್ಣ ತಲೆಕೆಳಗಾಯಿತು. ಅದರೊಂದಿಗೆ ಅಡುಗೆಮನೆಯೂ ಬದಲಾಯಿತು.

ಬೆಳಗಿನ ತಿಂಡಿ

ಥೆಸಲೊನಿಕಿಯಲ್ಲಿ ಬೆಳಗು ಆರಂಭವಾಗುವುದು ಬುಗಾತ್ಸಾ ಅಂಗಡಿಗಳಲ್ಲಿ. ನಾದಿದ ಹಿಟ್ಟನ್ನು ಕೈಯಲ್ಲೇ ಬೀಸಿ ಬೀಸಿ, ಆಚೆಯದು ಕಾಣುವಷ್ಟು ತೆಳುವಾದ ಹಾಳೆಯಾಗಿ ಹಿಗ್ಗಿಸುತ್ತಾರೆ. ಒಳಗೆ ಸಿಹಿ ಕೆನೆಯನ್ನೋ, ಚೀಸನ್ನೋ, ಕೊಚ್ಚಿದ ಮಾಂಸವನ್ನೋ ಇಟ್ಟು ಮಡಿಸಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಸಣ್ಣ ತುಂಡುಗಳಾಗಿ ಕತ್ತರಿಸಿ ಕೊಡುತ್ತಾರೆ. ಕೆನೆಯದಾದರೆ ಮೇಲೆ ಸಕ್ಕರೆ ಪುಡಿ, ದಾಲ್ಚಿನ್ನಿ ಪುಡಿ ಬೀಳುತ್ತದೆ. ಪ್ರವಾಸಿ ಮೊದಲು ಹೋಗಬೇಕಾದದ್ದು ಇಂಥ ಅಂಗಡಿಗೇ.

ಈ ತಿಂಡಿ ಊರಿನ ಗುರುತಾಗಿ ಬೆಳೆದದ್ದು 1922ರ ನಂತರ. ಗ್ರೀಸ್ ಮತ್ತು ತುರ್ಕಿಗಳ ಯುದ್ಧದಲ್ಲಿ ಗ್ರೀಕ್ ಸೈನ್ಯ ಸೋತಾಗ ಸ್ಮಿರ್ನಾ, ಅಂದರೆ ಇಂದಿನ ಇಜ್ಮಿರ್, ಸುಟ್ಟುಹೋಯಿತು. 1923ರಲ್ಲಿ ಲೌಸಾನ್‌ನಲ್ಲಿ ಆದ ಒಪ್ಪಂದ ಎರಡೂ ದೇಶಗಳ ಜನರನ್ನು ಧರ್ಮದ ಆಧಾರದ ಮೇಲೆ ಅದಲು ಬದಲು ಮಾಡಿತು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸ್‌ಗೆ ಬಂದರು. ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ತುರ್ಕಿಗೆ ಹೋದರು. ಯಾರನ್ನೂ 'ನಿಮಗೆ ಇಷ್ಟವೇ?' ಎಂದು ಕೇಳಲಿಲ್ಲ. ಥೆಸಲೊನಿಕಿಯಲ್ಲೇ ಸುಮಾರು ಒಂದು ಲಕ್ಷ ನಿರಾಶ್ರಿತರು ನೆಲೆಸಿದರು. ಅವರಲ್ಲಿ ಎಷ್ಟೋ ಜನರ ಬಳಿ ಕೈಯ ಕಸುಬೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಹಿಟ್ಟು ಹಿಗ್ಗಿಸಲು ಬಲ್ಲವರು ಅಂಗಡಿ ತೆರೆದರು. 'ಬುಗಾತ್ಸಾ' ಎಂಬ ಹೆಸರಿಗೆ ಸೋದರಪದ ತುರ್ಕಿ ಭಾಷೆಯಲ್ಲಿದೆ.

ಜೀರಿಗೆ ಹಾಕಿ, ಟೊಮೇಟೊ ರಸದಲ್ಲಿ ಬೇಯಿಸುವ 'ಸುತ್ಸುಕಾಕಿಯಾ' ಎಂಬ ಮಾಂಸದ ಉಂಡೆಗಳೂ ಹೀಗೆ ಬಂದವೇ. ಅವುಗಳ ಹೆಸರಿನ ಹಿಂದೆ ಇಂದಿಗೂ 'ಸ್ಮಿರ್ನಾದ' ಎಂಬ ವಿಶೇಷಣ ಸೇರಿಕೊಂಡಿರುತ್ತದೆ. ಕಳೆದುಕೊಂಡ ಊರು ತಿನಿಸಿನ ಹೆಸರಿನಲ್ಲಿ ಉಳಿದಿದೆ.

ಮಾರುಕಟ್ಟೆಯಲ್ಲಿ ಮಧ್ಯಾಹ್ನ

ಮಧ್ಯಾಹ್ನಕ್ಕೆ ಮಾರುಕಟ್ಟೆಯತ್ತ ನಡೆಯುವುದು ಒಳ್ಳೆಯದು. ಊರ ನಡುವೆ ಅಕ್ಕಪಕ್ಕದಲ್ಲೇ ಎರಡು ಮಾರುಕಟ್ಟೆಗಳಿವೆ. ಹಳೆಯದು ಕಪಾನಿ. ತುರ್ಕರ ಕಾಲದ ಹಿಟ್ಟಿನ ಪೇಟೆಯಿಂದ ಅದಕ್ಕೆ ಆ ಹೆಸರು ಬಂತು. ಆಲಿವ್, ಮೀನು, ಮಸಾಲೆ, ಕೆಂಪು ಮೆಣಸಿನ ತರಿಪುಡಿ ಎಲ್ಲವನ್ನೂ ಕೂಗಿ ಕರೆದು ಮಾರುವ ಇಕ್ಕಟ್ಟಾದ ಓಣಿಗಳು ಅಲ್ಲಿವೆ.

ಇನ್ನೊಂದು ಮೊದಿಯಾನೊ. ಗಾಜಿನ ಮಾಡಿನ ಈ ಕಟ್ಟಡ 1917ರ ಬೆಂಕಿಯಲ್ಲಿ ಸುಟ್ಟ ಪ್ರದೇಶದಲ್ಲಿ 1920ರ ದಶಕದಲ್ಲಿ ಎದ್ದಿತು. ಬೆಂಕಿಯ ನಂತರ ಫ್ರಾನ್ಸಿನ ವಾಸ್ತುಶಿಲ್ಪಿ ಅರ್ನೆಸ್ಟ್ ಎಬ್ರಾರ್ ಮತ್ತು ಸಂಗಡಿಗರು ಊರಿಗೆ ಹೊಸ ನಕ್ಷೆ ಬರೆದರು. ಇಂದು ಸಮುದ್ರದ ಕಡೆಗೆ ತೆರೆದುಕೊಂಡಿರುವ ಅರಿಸ್ಟಾಟಲ್ ಚೌಕ ಆ ನಕ್ಷೆಯ ಫಲ. ಮಾರುಕಟ್ಟೆಯನ್ನು ಕಟ್ಟಿದವನು ಎಲಿ ಮೊದಿಯಾನೊ. ಊರಿನ ಹೆಸರಾಂತ ಯೆಹೂದ್ಯ ಮನೆತನದವನು. ಬಹುಕಾಲ ಪಾಳುಬಿದ್ದಂತಿದ್ದ ಕಟ್ಟಡ ದುರಸ್ತಿಯಾಗಿ 2022ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಮೊದಲು ಮೀನು, ಮಾಂಸದ ಅಂಗಡಿಗಳೇ ಹೆಚ್ಚಾಗಿದ್ದಲ್ಲಿ ಈಗ ಕುಳಿತು ತಿನ್ನುವ, ಕುಡಿಯುವ ಜಾಗಗಳು ಬಹಳ.

ಸಮುದ್ರದ ಊಟ ಬಯಸುವವರಿಗೆ ಇಲ್ಲಿನ ವಿಶೇಷ ಚಿಪ್ಪುಮೀನು ಬೆರೆಸಿದ ಅನ್ನ. ಊರ ಪಶ್ಚಿಮಕ್ಕೆ, ನದಿಗಳು ಥೆರ್ಮಾಯಿಕ್ ಕೊಲ್ಲಿ ಸೇರುವ ಕಡೆ ಚಿಪ್ಪುಮೀನಿನ ಸಾಕಣೆ ದೊಡ್ಡದಾಗಿ ನಡೆಯುತ್ತದೆ.

ಸಸ್ಯಾಹಾರಿಗಳು ಉಪವಾಸ ಮಾಡಬೇಕಾಗಿಲ್ಲ. ಉಪವಾಸದವರ ಊಟ ಕೇಳಿದರೆ ಸಾಕು. ಆರ್ಥೊಡಾಕ್ಸ್ ಕ್ರೈಸ್ತರ ಪಂಚಾಂಗದಲ್ಲಿ ಮಾಂಸ, ಹಾಲು, ಮೊಟ್ಟೆ ವರ್ಜಿಸುವ ದಿನಗಳು ಬಹಳ. ಆ ದಿನಗಳಿಗೆಂದೇ ಬೆಳೆದ ಅಡುಗೆಗೆ 'ನಿಸ್ತೀಸಿಮಾ' ಎನ್ನುತ್ತಾರೆ. ಒಲೆಯಲ್ಲಿ ಬೇಯಿಸಿದ ದಪ್ಪ ಬಿಳಿ ಅವರೆಯಂಥ ಕಾಳು, ಆಲಿವ್ ಎಣ್ಣೆ ಮತ್ತು ನಿಂಬೆರಸ ಹಾಕಿದ ಬೆಂದ ಸೊಪ್ಪು, ಸುಟ್ಟ ಬದನೆಕಾಯಿಯ ಗೊಜ್ಜು ಎಲ್ಲ ಕಡೆ ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಈ ಉಪವಾಸದಲ್ಲಿ ಚಿಪ್ಪುಮೀನು, ಆಕ್ಟೋಪಸ್ ನಿಷಿದ್ಧವಲ್ಲ. ಆದ್ದರಿಂದ 'ಉಪವಾಸದ ಊಟ' ಎಂದಮಾತ್ರಕ್ಕೆ ಶುದ್ಧ ಸಸ್ಯಾಹಾರ ಎಂದುಕೊಳ್ಳುವಂತಿಲ್ಲ.

ಅಲುಗಾಡಿಸಿದ ಕಾಫಿ

ಊಟದ ನಂತರ ಕಾಫಿ. ಸಣ್ಣ ಪಾತ್ರೆಯಲ್ಲಿ ನುಣುಪಾದ ಪುಡಿಯ ಸಮೇತ ಕುದಿಸಿ ಕೊಡುವ ಕಾಫಿಯನ್ನು ಗ್ರೀಕರು ಹಿಂದೆ 'ತುರ್ಕಿ ಕಾಫಿ' ಎಂದೇ ಕರೆಯುತ್ತಿದ್ದರು. 1974ರಲ್ಲಿ ತುರ್ಕಿ ಸೈನ್ಯ ಸೈಪ್ರಸ್ ದ್ವೀಪಕ್ಕೆ ನುಗ್ಗಿದ ಮೇಲೆ 'ಗ್ರೀಕ್ ಕಾಫಿ' ಎಂಬ ಹೆಸರು ಬಲವಾಗಿ ನೆಲೆಯೂರಿತು. ಲೋಟದೊಳಗಿನದು ಬದಲಾಗಲಿಲ್ಲ.

ಥೆಸಲೊನಿಕಿಯದೇ ಎನ್ನಬಹುದಾದ ಕಾಫಿ ಮಾತ್ರ ತಣ್ಣಗಿನದು. 1957ರಲ್ಲಿ ಇಲ್ಲಿನ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ನೆಸ್ಲೆ ಕಂಪನಿಯವರು ಮಕ್ಕಳಿಗಾಗಿ ಅಲುಗಾಡಿಸಿ ತಯಾರಿಸುವ ಚಾಕೊಲೇಟ್ ಪಾನೀಯವೊಂದನ್ನು ತೋರಿಸುತ್ತಿದ್ದರು. ಅಲ್ಲಿದ್ದ ನೌಕರ ದಿಮಿತ್ರಿಸ್ ವಾಕೊಂದಿಯೊಸ್‌ಗೆ ಕಾಫಿ ಬೇಕಾಯಿತು, ಬಿಸಿನೀರು ಸಿಗಲಿಲ್ಲ. ಕಾಫಿಪುಡಿ, ಸಕ್ಕರೆ, ತಣ್ಣೀರನ್ನು ಅದೇ ಡಬ್ಬಿಗೆ ಹಾಕಿ ಅಲುಗಾಡಿಸಿದ. ನೊರೆ ತುಂಬಿದ 'ಫ್ರಾಪೆ' ಹುಟ್ಟಿದ್ದು ಹೀಗೆಂದು ಹೇಳುತ್ತಾರೆ. ಮುಂದೆ ಅದು ಗ್ರೀಸ್‌ನ ಬೇಸಿಗೆಯ ಪಾನೀಯವೇ ಆಯಿತು. ಜೊತೆಗೆ ಸಿಹಿ ಬೇಕೆಂದರೆ 'ತ್ರಿಗೋನಾ' ಕೇಳಬಹುದು. ಸಕ್ಕರೆ ಪಾಕದಲ್ಲಿ ಅದ್ದಿದ ಗರಿಗರಿ ಮೂಲೆಚೀಲದಲ್ಲಿ ಕೆನೆ ತುಂಬಿದ ಈ ತಿನಿಸು ಊರಾಚೆಯ ಗುಡ್ಡದ ಪನೊರಾಮಾ ಬಡಾವಣೆಯದು. ಅದರ ಹೆಸರು ನಮ್ಮ 'ತ್ರಿಕೋನ'ದ ಹತ್ತಿರದ ನೆಂಟ.

ಸಂಜೆಯ ಮಜಾ

ಸಂಜೆ ಹೋಗಬೇಕಾದ್ದು 'ಊಜೆರಿ'ಗೆ. ಸೋಂಪಿನ ಘಮದ ಊಜೊ ಅಥವಾ ದ್ರಾಕ್ಷಿಯ ಚರಟದಿಂದ ಇಳಿಸಿದ ತ್ಸಿಪುರೊ ಮದ್ಯದ ಜೊತೆ ಸಣ್ಣ ಸಣ್ಣ ತಟ್ಟೆಗಳಲ್ಲಿ ಹತ್ತಾರು ಬಗೆ ಬರುತ್ತವೆ. ಇವನ್ನು 'ಮೆಜೆ' ಎನ್ನುತ್ತಾರೆ. ಪರ್ಷಿಯನ್ ಭಾಷೆಯಲ್ಲಿ ರುಚಿ ಎಂಬರ್ಥದ ಪದ ತುರ್ಕಿಯ ಮೂಲಕ ಗ್ರೀಸ್ ಸೇರಿ ಮೆಜೆ ಆಯಿತು. ಅದೇ ಪದ ಇತ್ತ ಪೂರ್ವಕ್ಕೆ ಬಂದು ಕನ್ನಡಿಗರ ಬಾಯಲ್ಲಿ 'ಮಜಾ' ಆಗಿದೆ. ವೈನ್ ಇಷ್ಟಪಡುವವರಿಗೆ ಪಶ್ಚಿಮದ ನಾವುಸಾ ಪ್ರದೇಶದ ಕೆಂಪು ವೈನ್ ಇದೆ. ಅದರ ದ್ರಾಕ್ಷಿಯ ಹೆಸರು 'ಕ್ಸಿನೊಮಾವ್ರೊ', ಅರ್ಥ ಹುಳಿಗಪ್ಪು.

ಕೂರಲು ಎರಡು ಜಾಗಗಳು ಪ್ರಸಿದ್ಧ. ಮೊದಲನೆಯದು ಬಿತ್ ಬಜಾರ್. ನಿರಾಶ್ರಿತರು 1920ರ ದಶಕದ ಕೊನೆಯ ಹೊತ್ತಿಗೆ ಕಟ್ಟಿಕೊಂಡ ಹಳೆ ಸಾಮಾನುಗಳ ಪೇಟೆ ಇದು. ಹಗಲು ಹಳೆಯ ದೀಪ, ಕುರ್ಚಿ, ಗ್ರಾಮೊಫೋನ್ ಮಾರುವ ಅಂಗಳದಲ್ಲಿ ಸಂಜೆ ಮೇಜುಗಳು ತುಂಬುತ್ತವೆ. ಎರಡನೆಯದು ಬಂದರಿನ ಪಕ್ಕದ ಲಾದಾದಿಕಾ. 'ಲಾದಿ' ಎಂದರೆ ಎಣ್ಣೆ. ಇದು ಎಣ್ಣೆ ವ್ಯಾಪಾರಿಗಳ ಪೇಟೆ. ಬೆಂಕಿಯಿಂದ ಪಾರಾದ ಕೆಲವೇ ಭಾಗಗಳಲ್ಲಿ ಇದೂ ಒಂದು. 1980ರ ದಶಕದಲ್ಲಿ ಸರ್ಕಾರ ಇದನ್ನು ರಕ್ಷಿತ ಪ್ರದೇಶವೆಂದು ಘೋಷಿಸಿದ ಮೇಲೆ ಗೋದಾಮುಗಳು ಒಂದೊಂದಾಗಿ ತಾವೆರ್ನಾಗಳಾದವು. ರಾತ್ರಿ ಬಹಳ ಹೊತ್ತಾದ ಮೇಲೆ ಜನ 'ಪತ್ಸಾಸ್' ಅಂಗಡಿಗಳಿಗೆ ಹೋಗುವ ವಾಡಿಕೆಯೂ ಇದೆ. ಅದು ಪ್ರಾಣಿಯ ಕರುಳು, ಹೊಟ್ಟೆಭಾಗಗಳ ಬಿಸಿ ಸಾರು. ಮೇಲೆ ಬೆಳ್ಳುಳ್ಳಿ, ವಿನೆಗರ್, ಮೆಣಸಿನ ತರಿ.

ಮೇಜಿನ ಮೇಲೆ ಇಲ್ಲದ್ದು

ಇಷ್ಟೆಲ್ಲ ತಿಂದು ಸುತ್ತಿದ ಪ್ರವಾಸಿಗೆ ಸುಲಭವಾಗಿ ಸಿಗದ ಊಟವೊಂದಿದೆ. ಅದು 1913ರ ಗಣತಿಯಲ್ಲಿ ಮೊದಲ ಸ್ಥಾನದಲ್ಲಿದ್ದವರ ಊಟ.

1917ರ ಬೆಂಕಿಯಲ್ಲಿ ಮನೆ ಕಳೆದುಕೊಂಡವರಲ್ಲಿ ಸುಮಾರು 50 ಸಾವಿರ ಮಂದಿ ಯೆಹೂದ್ಯರು. ಅನೇಕರು ಆಗಲೇ ಊರು ಬಿಟ್ಟರು. 1941ರಲ್ಲಿ ಜರ್ಮನ್ ನಾಜಿಗಳು ನಗರವನ್ನು ಆಕ್ರಮಿಸಿದರು. 1942ರ ಡಿಸೆಂಬರ್‌ನಲ್ಲಿ ಯೆಹೂದ್ಯರ ಪುರಾತನ ಸ್ಮಶಾನವನ್ನು ಕೆಡವಲಾಯಿತು. ಇಂದಿನ ವಿಶ್ವವಿದ್ಯಾಲಯ ಹರಡಿಕೊಂಡಿರುವುದು ಆ ನೆಲದ ಮೇಲೆ. 1943ರ ಮಾರ್ಚ್ 15ರಂದು ಮೊದಲ ರೈಲು ಪೋಲೆಂಡಿನ ಆಶ್‌ವಿಟ್ಸ್ ಶಿಬಿರಕ್ಕೆ ಹೊರಟಿತು. ಆ ವರ್ಷದ ಆಗಸ್ಟ್ ಹೊತ್ತಿಗೆ 45 ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಸಾಗಿಸಲಾಗಿತ್ತು. ಅವರಲ್ಲಿ ಬಹುಪಾಲು ಮಂದಿ ತಲುಪಿದ ಕೂಡಲೇ ವಿಷಾನಿಲದ ಕೋಣೆಗಳಲ್ಲಿ ಸತ್ತರು. ಯುದ್ಧ ಮುಗಿದಾಗ ಊರಿನಲ್ಲಿ ಉಳಿದಿದ್ದ ಯೆಹೂದ್ಯರು ಎರಡು ಸಾವಿರದಷ್ಟೂ ಇರಲಿಲ್ಲ.

ಸಬ್ಬತ್ ದಿನ ಒಲೆ ಹಚ್ಚುವಂತಿಲ್ಲವೆಂದು ಶುಕ್ರವಾರವೇ ಈರುಳ್ಳಿ ಸಿಪ್ಪೆಯೊಂದಿಗೆ ಸಣ್ಣ ಉರಿಯಲ್ಲಿಟ್ಟು, ರಾತ್ರಿಯಿಡೀ ಬೆಂದು ಕಂದುಬಣ್ಣಕ್ಕೆ ತಿರುಗುತ್ತಿದ್ದ ಮೊಟ್ಟೆಗಳು, ಈರುಳ್ಳಿಯ ಜಾತಿಯ ಲೀಕ್ ಸೊಪ್ಪಿನ ವಡೆಗಳು, ಚೀಸ್ ತುಂಬಿದ ಬೊರೆಕಾಗಳು ಒಮ್ಮೆ ಈ ಊರಿನ ಸಾವಿರಾರು ಮನೆಗಳ ವಾರದ ಅಡುಗೆಯಾಗಿದ್ದವು. ಸ್ಮಿರ್ನಾದಿಂದ ಬಂದವರು ಮನೆ, ಹೊಲ, ಊರು ಎಲ್ಲ ಕಳೆದುಕೊಂಡರೂ ಮಾಡುವ ಕೈ ಉಳಿದಿತ್ತು. ಅದರಿಂದ ರುಚಿ ಉಳಿಯಿತು. 1943ರಲ್ಲಿ ಹೋದದ್ದು ಆ ಕೈಗಳೇ. ಹೇಳಿಕೊಡುವ ಅಜ್ಜಿಯನ್ನೂ ಕಲಿಯುವ ಮೊಮ್ಮಗಳನ್ನೂ ಒಂದೇ ರೈಲಿನಲ್ಲಿ ಒಯ್ದರೆ ಅಡುಗೆ ಯಾರಲ್ಲಿ ಉಳಿಯಬೇಕು?

ಪೂರ್ತಿ ಅಳಿಯಲಿಲ್ಲ ಎಂಬುದು ಸಮಾಧಾನ. ಬದುಕಿ ಮರಳಿದ ಕುಟುಂಬಗಳಲ್ಲಿ, ಮೊದಲೇ ವಲಸೆ ಹೋದವರ ಮನೆಗಳಲ್ಲಿ ಕೆಲವು ಅಡುಗೆಗಳು ಉಳಿದವು. ನಿಕೊಲಾಸ್ ಸ್ಟಾವ್ರುಲಾಕಿಸ್ 1986ರಲ್ಲಿ ಗ್ರೀಸ್‌ನ ಯೆಹೂದ್ಯರ ಅಡುಗೆಗಳನ್ನು ಪುಸ್ತಕವಾಗಿ ತಂದರು. 2001ರಲ್ಲಿ ಥೆಸಲೊನಿಕಿಯ ಯೆಹೂದ್ಯ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಅದು ಇರುವ ಕಟ್ಟಡ 1917ರ ಬೆಂಕಿಗೆ ಸಿಗದೆ ಉಳಿದದ್ದು. ಮಾರುಕಟ್ಟೆಗಳಿಂದ ನಡೆದೇ ಹೋಗಬಹುದು.

ಹಾಗಾಗಿ ಥೆಸಲೊನಿಕಿಯಲ್ಲಿ ಊಟ ಎಲ್ಲಿ ಎಂದು ಕೇಳುವವರಿಗೆ ಉತ್ತರ ಹೀಗೆ ಕೊಡಬಹುದು: ಬೆಳಗ್ಗೆ ಬುಗಾತ್ಸಾ ಅಂಗಡಿ, ಮಧ್ಯಾಹ್ನ ಕಪಾನಿ ಅಥವಾ ಮೊದಿಯಾನೊ, ಸಂಜೆ ಬಿತ್ ಬಜಾರ್ ಇಲ್ಲವೇ ಲಾದಾದಿಕಾ. ಆದರೆ ಮಧ್ಯಾಹ್ನದ ಊಟಕ್ಕೆ ಕೂರುವ ಮುನ್ನ ಒಂದು ಗಂಟೆ ಆ ವಸ್ತುಸಂಗ್ರಹಾಲಯಕ್ಕೆ ಕೊಟ್ಟು ಬಂದರೆ, ಮೊದಿಯಾನೊ ಎಂಬ ಹೆಸರು ಬರೀ ಮಾರುಕಟ್ಟೆಯ ಫಲಕವಾಗಿ ಕಾಣುವುದಿಲ್ಲ.