ನಿರುದ್ಯೋಗ: ಒಂದೇ ಊರು, ಮೂರು ಲೆಕ್ಕ

ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಕಟಾವಿಗೆ, ಸಾಗಣೆಗೆ ಜನ ಬೇಕು. ಹಂಗಾಮು ಮುಗಿದರೆ ಮುಂಗಾರಿನವರೆಗೆ ಕೂಲಿ ಅಪರೂಪ. ಮೂರು ತಿಂಗಳು ಕಬ್ಬು ಕಡಿದು, ಉಳಿದ ದಿನ ಕೆಲಸ ಹುಡುಕುವವನು ಉದ್ಯೋಗಿಯೋ ನಿರುದ್ಯೋಗಿಯೋ? ಸರ್ಕಾರದ ಅಂಕಿಗಳ ಜಗಳವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳ ನೋಂದಣಿಯನ್ನೂ ನಿರುದ್ಯೋಗದ ಲೆಕ್ಕಕ್ಕೆ ಬಳಸಲಾಗುತ್ತಿತ್ತು. ಆದರೆ ಹೆಸರು ಬರೆಸುವುದು ಕಡ್ಡಾಯವಲ್ಲ. ಹಳ್ಳಿಯ ಕೂಲಿಕಾರರು ಅತ್ತ ಸುಳಿಯುವುದೇ ಕಡಿಮೆ. ಕೆಲಸ ಸಿಕ್ಕವರ ಹೆಸರೂ ಪಟ್ಟಿಯಲ್ಲಿ ಉಳಿಯಬಹುದು. ಅರ್ಥಶಾಸ್ತ್ರಜ್ಞ ಎಂ.ಎಲ್. ದಾಂತ್ವಾಲಾ ನೇತೃತ್ವದ ಸಮಿತಿ 1970ರಲ್ಲಿ ವರದಿ ನೀಡಿ, ನಮ್ಮಂಥ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲಾಗದು ಎಂದಿತು. ಅದರ ಫಲವಾಗಿ 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ಮೂರು ಅಳತೆಗಳು ಬಂದವು: ವರ್ಷದ ಸಾಮಾನ್ಯ ಸ್ಥಿತಿ, ವಾರದ ಸ್ಥಿತಿ, ದಿನದ ಸ್ಥಿತಿ.

ಈಗಿನ ಪದ್ಧತಿಯಲ್ಲಿ ವರ್ಷದಲ್ಲಿ 30 ದಿನ ದುಡಿದವರೂ ಸಾಮಾನ್ಯ ಸ್ಥಿತಿಯ ಲೆಕ್ಕದಲ್ಲಿ ಉದ್ಯೋಗಿಗಳೇ. ವಾರದ ಲೆಕ್ಕಕ್ಕೆ ಒಂದು ತಾಸಿನ ಕೆಲಸ ಸಾಕು. ಮನೆಯ ತೊಗರಿ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವ ಸೊಸೆಯೂ ಉದ್ಯೋಗಿ. ಹೀಗಾಗಿ ನಮ್ಮ ಕಬ್ಬಿನ ಕೂಲಿಕಾರ ವರ್ಷದ ಲೆಕ್ಕದಲ್ಲಿ ಉದ್ಯೋಗಿ, ಬೇಸಿಗೆಯ ಒಂದು ವಾರದ ಲೆಕ್ಕದಲ್ಲಿ ನಿರುದ್ಯೋಗಿ. 2011-12ರಲ್ಲಿ ಇಡೀ ದೇಶಕ್ಕೆ ಒಂದೇ ಸಮೀಕ್ಷೆ ಕೊಟ್ಟ ಪ್ರಮಾಣ ಶೇ 2.2, ಶೇ 3.7 ಮತ್ತು ಶೇ 5.6. ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಆಳುವವರಿಗೆ ಮೊದಲನೆಯದು ಹಿತ, ವಿರೋಧ ಪಕ್ಷಕ್ಕೆ ಕೊನೆಯದು.

ರಾಜಕೀಯದ ನೆರಳು ಬೀಳುವುದು ಎಣಿಕೆಗಿಂತ ಹೆಚ್ಚಾಗಿ ಪ್ರಕಟಣೆಯ ಮೇಲೆ. 2009-10ರ ಸಮೀಕ್ಷೆ ಉದ್ಯೋಗ ಹೆಚ್ಚಿಲ್ಲವೆಂದು ತೋರಿಸಿದಾಗ ಯುಪಿಎ ಸರ್ಕಾರ ಅದು ಬರಗಾಲದ ವರ್ಷವೆಂದಿತು. 2011-12ರಲ್ಲಿ ಮತ್ತೆ ಸಮೀಕ್ಷೆ ನಡೆಯಿತು. 2017-18ರ ಸಮೀಕ್ಷೆಯಲ್ಲಿ ನಿರುದ್ಯೋಗ ಶೇ 6.1 ಎಂದು ಬಂದಾಗ ವರದಿ ಹೊರಬರಲಿಲ್ಲ. ಇದನ್ನು ಪ್ರತಿಭಟಿಸಿ 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಪತ್ರಿಕೆಯೊಂದು ಅಂಕಿಯನ್ನು ಬಯಲು ಮಾಡಿದಾಗ ನೀತಿ ಆಯೋಗ ಅದನ್ನು ಕರಡು ಎಂದಿತು. ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ 31ರಂದು ಅದೇ ಶೇ 6.1 ಅಧಿಕೃತವಾಯಿತು. ಪಕ್ಷ ಬದಲಾದರೂ ಒಲ್ಲದ ಅಂಕಿಯ ಬಗೆಗಿನ ಮುಜುಗರ ಬದಲಾಗಲಿಲ್ಲ.

ಕಡಿಮೆ ನಿರುದ್ಯೋಗವೆಂದರೆ ಸಮೃದ್ಧಿ ಎಂದುಕೊಳ್ಳುವುದೂ ತಪ್ಪು. ಬಡವರಿಗೆ ಕೆಲಸವಿಲ್ಲದೆ ಕೂರುವ ಅನುಕೂಲವಿಲ್ಲ. ಸಿಕ್ಕ ಕೂಲಿಗೆ ಹೋಗುತ್ತಾರೆ, ಇಲ್ಲವೇ ಗುಳೆ ಹೊರಡುತ್ತಾರೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅಫಜಲಪುರ, ಆಳಂದ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ್ದು ನಿರುದ್ಯೋಗದ ಶೇಕಡಾವಾರು ನೋಡಿ ಅಲ್ಲ. ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ ಮುಂತಾದ ಹಲವು ಸೂಚಕಗಳನ್ನು ಒಟ್ಟಿಗೆ ಅಳೆದು.

2025ರಿಂದ ಕೇಂದ್ರ ಸರ್ಕಾರ ತಿಂಗಳಿಗೊಮ್ಮೆ ಉದ್ಯೋಗದ ಅಂಕಿ ಪ್ರಕಟಿಸುತ್ತಿದೆ. ಅದು ವಾರದ ಸ್ಥಿತಿಯ ಲೆಕ್ಕ. ಹಳೆಯ ವಾರ್ಷಿಕ ಅಂಕಿಯೊಡನೆ ನೇರವಾಗಿ ಹೋಲಿಸುವಂತಿಲ್ಲ. ವೇದಿಕೆಯ ಮೇಲಿಂದ ಯಾರೇ ಒಂದು ಶೇಕಡಾವಾರು ಹೇಳಿದರೂ ಓದುಗರು ಎರಡು ಮಾತು ಕೇಳಬೇಕು: ಇದು ಯಾವ ಅಳತೆ? ಹೋಲಿಸುತ್ತಿರುವ ಹಿಂದಿನ ಅಂಕಿಯೂ ಅದೇ ಅಳತೆಯದೇ?